ತೋಟಾ ಡಬ್ಬಿಯ ಮೇಲಿನ ಜೂಲ್ ನೋಡಿ ಹಂದಿ ಬೀಳುವುದಿಲ್ಲ

ಸಂಪಾದಕರೇ, ನಮಸ್ಕಾರ.

ಕಾಡುಹಂದಿ ಕಾಟದ ಬಗ್ಗೆ ನಿಮ್ಮ ಓದುಗರ ಅಂಕಣದಲ್ಲಿ ಬರುತ್ತಿರುವ ಪತ್ರಗಳನ್ನು ನೋಡುತ್ತಿದ್ದೇನೆ. ಗದ್ದೆ, ಜೋಳ, ಗೆಣಸು ಕಳೆದುಕೊಂಡವರ ಸಿಟ್ಟು ಅರ್ಥವಾಗುತ್ತದೆ. ನನಗೂ ಆಗಿದೆ. ಆದರೆ ಒಬ್ಬರು, ರೈತರ ಕೈಗೆ ಜಾಸ್ತಿ ಪವರ್ ಇರುವ ರೈಫಲ್ ಕೊಡಿ, ಎಲ್ಲಿಗೆ ತಾಗಿದರೂ ಹಂದಿ ಅಲ್ಲೇ ಬೀಳುತ್ತದೆ ಎಂದು ಬರೆದಿದ್ದರು. ಇನ್ನೊಬ್ಬರು ಅದಕ್ಕೆ ಜೂಲ್ ಲೆಕ್ಕ, ಅಂದರೆ ಗುಂಡಿನ ಶಕ್ತಿಯ ಲೆಕ್ಕ, ಕೊಟ್ಟು ಹೌದು ಹೌದು ಅಂದರು. ಕೋವಿ ಇರುವ ಮನೆಯಲ್ಲಿ ಬೆಳೆದವನು ನಾನು. ಎಲ್ಲಿಗೆ ತಾಗಿದರೂ ಅನ್ನುವ ಮಾತು ಓದಿ ಸುಮ್ನೆ ಇರಲು ಆಗಲಿಲ್ಲ.

ಶಿಕಾರಿ ಮತ್ತೆ ಶುರುವಾಗಲಿ ಎಂದು ಕೇಳುವ ಪತ್ರ ಇದಲ್ಲ. 1972ರ ವನ್ಯಜೀವಿ ಕಾಯ್ದೆ, ಆಮೇಲೆ 1991ರ ತಿದ್ದುಪಡಿ, ಎರಡೂ ಸೇರಿ ನಮ್ಮಲ್ಲಿ ಮೋಜಿನ ಬೇಟೆ ಮುಗಿಯಿತು. ಮುಗಿದದ್ದೇ ಒಳ್ಳೆಯದಾಯಿತು. ಆದರೆ ಅದೇ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ, ಜನರ ಜೀವಕ್ಕೋ ಬೆಳೆಗೋ ಅಪಾಯವಾದ ಪ್ರಾಣಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ವಾರ್ಡನ್ ಬರೆದು ಅನುಮತಿ ಕೊಡಬಹುದು. ಬಿಹಾರದಲ್ಲಿ 2015ರ ಕೊನೆಗೆ ನೀಲಗಾಯ್ ಮತ್ತು ಕಾಡುಹಂದಿಯನ್ನು ಒಂದು ವರ್ಷದ ಮಟ್ಟಿಗೆ ಉಪದ್ರವಿ ಪ್ರಾಣಿ ಎಂದು ಕೇಂದ್ರ ಸರ್ಕಾರವೇ ಸಾರಿತು. ಕೇರಳದಲ್ಲಿ 2022ರಿಂದ ಪಂಚಾಯಿತಿ ಅಧ್ಯಕ್ಷರೇ ಹಂದಿ ಹೊಡೆಯಲು ಅಪ್ಪಣೆ ಕೊಡಬಹುದು. ಅಂದರೆ ಈ ದೇಶದಲ್ಲಿ ಕಾನೂನಿನ ಒಳಗೇ ದೊಡ್ಡ ಪ್ರಾಣಿಗಳ ಮೇಲೆ ಗುಂಡು ಹಾರುತ್ತಿದೆ. ಯಾವ ತೋಟಾ ಸಾಕು, ಯಾವುದು ಸಾಲದು, ಅದನ್ನು ಅಳೆಯುವುದು ಹೇಗೆ ಎಂಬುದನ್ನು ಮಾತ್ರ ಯಾರೂ ಕೇಳುತ್ತಿಲ್ಲ.

ಜೂಲ್ ಲೆಕ್ಕ ಹೈಸ್ಕೂಲಿನಲ್ಲಿ ಕಲಿತದ್ದೇ. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿ. ಇದರಲ್ಲಿ ವೇಗ ಎರಡು ಸಲ ಬರುತ್ತದೆ, ತೂಕ ಒಂದೇ ಸಲ. ಹಾಗಾಗಿ ಸಣ್ಣ ಗುಂಡನ್ನು ಜೋರಾಗಿ ಓಡಿಸಿದರೆ ಕಾಗದದ ಮೇಲೆ ಅದು ದೊಡ್ಡದನ್ನು ಹಿಂದೆ ಹಾಕುತ್ತದೆ. ಅಮೆರಿಕದಲ್ಲಿ 1935ರಲ್ಲಿ ಬಂದ .220 ಸ್ವಿಫ್ಟ್ ಎಂಬ ತೋಟಾ ನೋಡಿ (ಹೆಸರಿನ ಅಂಕಿ ಅಂದಾಜಿಗೆ ಗುಂಡಿನ ದಪ್ಪ, ಇಂಚಿನಲ್ಲಿ). ಗುಂಡಿನ ತೂಕ ಮೂರು ಗ್ರಾಂ, ವೇಗ ಸೆಕೆಂಡಿಗೆ ಸುಮಾರು 1250 ಮೀಟರ್, ಶಕ್ತಿ ಸುಮಾರು 2400 ಜೂಲ್. ಅದೇ ದೇಶದ ಸೇನೆಗೆ 1873ರಲ್ಲಿ ಬಂದ .45-70 ತೋಟಾದಲ್ಲಿ ಗುಂಡು 26 ಗ್ರಾಂ, ವೇಗ ಬರೀ 400 ಮೀಟರ್ ಚಿಲ್ಲರೆ, ಶಕ್ತಿ 2150 ಜೂಲ್ ಆಸುಪಾಸು. ಲೆಕ್ಕದಲ್ಲಿ ಸ್ವಿಫ್ಟೇ ಗೆದ್ದಿತು. ಆದರೆ ಅಲ್ಲಿನ ಬಯಲುಗಳಲ್ಲಿ ಬೈಸನ್ ಹಿಂಡುಗಳನ್ನು ಕೊಂದು ಮುಗಿಸಿದ್ದು .45-70 ತರಹದ ನಿಧಾನದ, ಭಾರದ ಸೀಸದ ಗುಂಡುಗಳು. ಸ್ವಿಫ್ಟ್ ಇರುವುದು ಬಿಲ ತೋಡುವ ಸಣ್ಣ ಪ್ರಾಣಿಗಳನ್ನು ದೂರದಿಂದ ಹೊಡೆಯಲಿಕ್ಕೆ. ಅದನ್ನು ಹಿಡಿದುಕೊಂಡು ಸಿಟ್ಟಿಗೆದ್ದ ಬೈಸನ್ ಮುಂದೆ ಯಾರೂ ನಿಲ್ಲುವುದಿಲ್ಲ.

ಇಂಗ್ಲೆಂಡಿನವರ 1991ರ ಜಿಂಕೆ ಕಾಯ್ದೆಯಲ್ಲಿ ಇದಕ್ಕೆ ಒಂದು ದಾರಿ ಇದೆ. ದೊಡ್ಡ ಜಿಂಕೆಗೆ ಕನಿಷ್ಠ 1700 ಅಡಿ-ಪೌಂಡ್ ಶಕ್ತಿ ಬೇಕು, ಅಂದರೆ ಸುಮಾರು 2300 ಜೂಲ್. ಬರೀ ಅಷ್ಟೇ ಆಗಿದ್ದರೆ ಸ್ವಿಫ್ಟ್ ಕೂಡ ಪಾಸು. ಆದರೆ ಕ್ಯಾಲಿಬರ್, ಅಂದರೆ ದಪ್ಪ, .240 ಇಂಚಿಗಿಂತ ಕಡಿಮೆ ಇರಬಾರದು ಎಂದೂ ಇದೆ, ತಾಗಿದ ಮೇಲೆ ಅರಳುವಂತೆ ಗುಂಡಿನ ಮೂತಿ ಮೆತ್ತಗಿರಬೇಕು ಇಲ್ಲವೇ ಟೊಳ್ಳಾಗಿರಬೇಕು ಎಂದೂ ಇದೆ. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ನನ್ನ ವಾದವೆಲ್ಲ ಅದರ ಮೇಲೆಯೇ ನಿಂತಿದೆ.

ಜೂಲ್ ಬೇಡ ಅಂದವರು ಬೇರೆ ಸೂತ್ರ ತಂದರು. ಆಫ್ರಿಕಾದಲ್ಲಿ ಆನೆ ಹೊಡೆಯುತ್ತಿದ್ದ ಜಾನ್ ಟೇಲರ್ ಎಂಬ ಐರಿಷ್ ಮೂಲದ ಬೇಟೆಗಾರ 1948ರಲ್ಲಿ ಕೊಟ್ಟದ್ದು ಇವತ್ತಿಗೂ ಓಡುತ್ತಿದೆ. ಗುಂಡಿನ ತೂಕ ಗ್ರೇನ್‌ನಲ್ಲಿ (ಒಂದು ಗ್ರಾಂಗೆ ಸುಮಾರು 15.4 ಗ್ರೇನ್), ವೇಗ ಸೆಕೆಂಡಿಗೆ ಅಡಿಯಲ್ಲಿ, ದಪ್ಪ ಇಂಚಿನಲ್ಲಿ, ಮೂರನ್ನೂ ಗುಣಿಸಿ 7000ದಿಂದ ಭಾಗಿಸುವುದು. ವೇಗ ಒಂದೇ ಸಲ ಬರುತ್ತದೆ, ದಪ್ಪಕ್ಕೂ ಬೆಲೆ ಸಿಗುತ್ತದೆ. ಈ ಲೆಕ್ಕದಲ್ಲಿ .375 ಹಾಲೆಂಡ್ ಅಂಡ್ ಹಾಲೆಂಡ್‌ಗೆ 40 ಅಂಕ, ಆನೆ ಹೊಡೆಯುವ .458 ವಿಂಚೆಸ್ಟರ್‌ಗೆ 70ರ ಹತ್ತಿರ. ಒಳ್ಳೆಯದೇ ಅಲ್ವಾ ಅನಿಸುತ್ತದೆ. ಈಗ ಅದೇ ಸೂತ್ರಕ್ಕೆ ನಮ್ಮ ಜಾವಗಲ್ ಶ್ರೀನಾಥ್ ಎಸೆದ ಚೆಂಡನ್ನು ಹಾಕಿ. 160 ಗ್ರಾಂ ತೂಕ, ಗಂಟೆಗೆ 140 ಕಿಲೋಮೀಟರ್ ವೇಗ, ಮೂರು ಇಂಚಿಗೆ ಸ್ವಲ್ಪ ಕಡಿಮೆ ದಪ್ಪ. ಅಂಕ 128! ಆನೆ ಕೋವಿಗಿಂತ ಕ್ರಿಕೆಟ್ ಚೆಂಡು ಹೆಚ್ಚುಕಡಿಮೆ ಎರಡು ಪಟ್ಟು ಮೇಲು. ಪಾಪ, ಟೇಲರ್‌ನನ್ನು ನಗೆಪಾಟಲು ಮಾಡಬೇಕಿಲ್ಲ. ಅವನು ಅಳೆಯಲು ಹೊರಟದ್ದು ಬೇರೆಯೇ. ಗಟ್ಟಿ ಗುಂಡಿನಿಂದ ಆನೆಯ ತಲೆಗೆ ಹೊಡೆದಾಗ ಮೆದುಳು ಸ್ವಲ್ಪದರಲ್ಲಿ ತಪ್ಪಿದರೆ, ಆನೆ ಎಷ್ಟು ಹೊತ್ತು ಮಂಕಾಗಿ ಬಿದ್ದಿರುತ್ತದೆ, ಇನ್ನೊಂದು ಗುಂಡು ಹಾಕಲು ಸಮಯ ಸಿಗುತ್ತದೋ ಇಲ್ಲವೋ ಎಂಬುದಕ್ಕೆ ಆ ಅಂಕ. ಅದನ್ನು ಜಿಂಕೆಗೂ ಹಂದಿಗೂ ಎಳೆದು ತಂದದ್ದು ಆಮೇಲಿನವರು.

ಸೂತ್ರಗಳೆಲ್ಲ ಎಡವುವುದು ಒಂದೇ ಜಾಗದಲ್ಲಿ. ಪ್ರಾಣಿ ಸಾಯುವುದು ಶಕ್ತಿಯಿಂದಲ್ಲ, ತೂತಿನಿಂದ. ತೂತು ಎಲ್ಲಿ ಆಯಿತು, ಎಷ್ಟು ಆಳಕ್ಕೆ ಹೋಯಿತು, ಎಷ್ಟು ಅಗಲವಾಯಿತು, ಇಷ್ಟೇ. ಮೆದುಳಿಗೋ ಬೆನ್ನುಹುರಿಗೋ ತಾಗಿದರೆ ನಿಂತಲ್ಲೇ ಕುಸಿಯುತ್ತದೆ. ಶ್ವಾಸಕೋಶ, ಹೃದಯಕ್ಕೆ ತಾಗಿದರೆ ರಕ್ತ ಹೋಗಿ, ಉಸಿರು ನಿಂತು ಸಾಯುತ್ತದೆ, ಅದಕ್ಕೆ ಕೆಲವು ಸೆಕೆಂಡು ಬೇಕು. ಅಷ್ಟರಲ್ಲಿ ಪ್ರಾಣಿ ನೂರು ಮೀಟರ್ ಓಡಿರಬಹುದು, ಓಡಿತು ಅಂದ ಮಾತ್ರಕ್ಕೆ ತೋಟಾ ಕೆಟ್ಟದ್ದಲ್ಲ. ಹೊಟ್ಟೆಗೆ ತಾಗಿದರೆ ಮಾತ್ರ ಎಷ್ಟು ದೊಡ್ಡ ಕೋವಿಯಾದರೂ ಅಷ್ಟೇ. ಪ್ರಾಣಿ ಹಳುವಿನೊಳಗೆ ಹೋಗಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳುತ್ತದೆ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್. ಕರಮೋಜೊ ಬೆಲ್ ಅಂತಲೇ ಹೆಸರಾದವನು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆ ಹೊಡೆದ, ಇವತ್ತು ಕೇಳಿದರೆ ಹೊಟ್ಟೆ ತೊಳಸುವ ಲೆಕ್ಕ ಅದು. ಹೆಚ್ಚಿನವನ್ನು ಹೊಡೆದದ್ದು .275 ರಿಗ್ಬಿ ಎಂಬ ಸಣ್ಣ ರೈಫಲ್‌ನಿಂದ. ಹನ್ನೊಂದು ಗ್ರಾಂ ಗುಂಡು, ಸುಮಾರು 2750 ಜೂಲ್. ಇವತ್ತು ಜಿಂಬಾಬ್ವೆಯಲ್ಲಿ ಆನೆಗೆ ಕಾನೂನು ಕೇಳುವುದು ಕನಿಷ್ಠ 9.2 ಮಿಲಿಮೀಟರ್ ದಪ್ಪ, 5300 ಜೂಲ್. ಬೆಲ್‌ನ ಕೋವಿ ಅದರ ಅರ್ಧದ ಹತ್ತಿರ. ಹಾಗಾದರೆ ಕಾನೂನೇ ತಪ್ಪೇ? ಅಲ್ಲ. ಬೆಲ್ ಆನೆಯ ತಲೆಬುರುಡೆಯನ್ನು ಗರಗಸದಲ್ಲಿ ಸೀಳಿಸಿ ಮೆದುಳು ಎಲ್ಲಿದೆ ಎಂದು ನೋಡಿ ಕಲಿತವನು. ಉದ್ದನೆಯ, ಪೂರ್ತಿ ಕವಚದ ಮಿಲಿಟರಿ ಗುಂಡು ಬಳಸುತ್ತಿದ್ದ, ಅದು ಮೂಳೆಯಲ್ಲಿ ಬಾಗದೆ ನೇರ ಹೋಗುತ್ತಿತ್ತು. ಹಾರುವ ಹಕ್ಕಿಯನ್ನು ರೈಫಲ್‌ನಿಂದ ಹೊಡೆದು ಬೀಳಿಸುವಂಥ ಕೈ ಅವನದು. ಕಾನೂನು ಬರೆಯುವುದು ಬೆಲ್‌ಗಳಿಗಾಗಿ ಅಲ್ಲ, ನಡುಗುವ ಕೈಯ ನಮ್ಮಂಥವರಿಗಾಗಿ.

ಇನ್ನೊಂದು ವಿಷಯವನ್ನು ಕೋವಿಯವರು ಯಾರೂ ಹೇಳುವುದಿಲ್ಲ. ನಮ್ಮ ಮಲೆನಾಡಿನ ಹಳೆಯ ಶಿಕಾರಿ ಕತೆಗಳನ್ನು ಕೇಳಿ, ಎಲ್ಲದರಲ್ಲೂ ಒಂದೇ ಈಡಿಗೆ ಕಾಟಿ ಬಿತ್ತು, ಒಂದೇ ಈಡಿಗೆ ಕಡವೆ ಬಿತ್ತು. ಬೀಳದೆ ಹೋದದ್ದು ಕತೆಯಾಗುವುದಿಲ್ಲ. ಅದನ್ನು ತಪ್ಪಿತು ಅಂದುಬಿಡುತ್ತಾರೆ. ತಪ್ಪಿತೋ, ಇಲ್ಲಾ ತಾಗಿ ಆಚೆ ಕಣಿವೆಯಲ್ಲಿ ಸತ್ತಿತೋ ಯಾರು ಹೋಗಿ ನೋಡಿದರು? ಸಿಕ್ಕಿದ ಪ್ರಾಣಿಗಳನ್ನಷ್ಟೇ ಎಣಿಸಿದರೆ ಲೋಕದ ಎಲ್ಲ ತೋಟಾಗಳೂ ಅದ್ಭುತ. ಅಮೆರಿಕದಲ್ಲಿ ಇಬ್ಬರು ಬೇಟೆ ಬರಹಗಾರರ ಕಡೆಯವರ ನಡುವೆ ದಶಕಗಳ ಕಾಲ ಪತ್ರಿಕೆಗಳಲ್ಲೇ ಜಗಳ ನಡೆಯಿತು. ಜ್ಯಾಕ್ ಓಕಾನರ್ ಕಡೆಯವರು ಹಗುರದ, ವೇಗದ .270 ಸಾಕು ಅನ್ನುವುದು, ಎಲ್ಮರ್ ಕೀತ್ ಕಡೆಯವರು ದಪ್ಪ, ಭಾರದ ಗುಂಡೇ ಬೇಕು ಅನ್ನುವುದು. ಇಬ್ಬರ ಹತ್ತಿರವೂ ಸತ್ತ ಪ್ರಾಣಿಗಳ ಉದ್ದ ಪಟ್ಟಿ ಇತ್ತು. ಇಬ್ಬರೂ ಒಳ್ಳೆಯ ಗುರಿಕಾರರಾಗಿದ್ದರು ಎಂಬುದಕ್ಕಿಂತ ಹೆಚ್ಚಿನದೇನೂ ಆ ಪಟ್ಟಿಯಿಂದ ಸಾಬೀತಾಗುವುದಿಲ್ಲ, ನನ್ನ ಪ್ರಕಾರ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಕಲಿಸುವುದು 1946ರ ಒಂದು ಘಟನೆ. ಜಾನ್ ನೋಸ್ಲರ್ ಎಂಬ ಅಮೆರಿಕದವನು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋಗಿದ್ದ. ಮೂಸ್ ಅಂದರೆ ಕುದುರೆಗಿಂತ ದೊಡ್ಡ ಜಿಂಕೆ ಜಾತಿ. ಕೈಯಲ್ಲಿದ್ದದ್ದು .300 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಂ, ಆ ಕಾಲಕ್ಕೆ ಪವರ್‌ನಲ್ಲಿ ಯಾರೂ ಕೊರತೆ ಹೇಳದ ತೋಟಾ. ಎದುರಿಗಿದ್ದ ಗಂಡು ಮೂಸ್‌ನ ಮೈಮೇಲೆ ಕೆಸರು ಒಣಗಿ ಗಟ್ಟಿಯಾಗಿತ್ತು. ಗುಂಡುಗಳು ಅತಿ ವೇಗದಲ್ಲಿ ಹೋಗಿ ಮೇಲೆಮೇಲೇ ಒಡೆದು ಚೂರಾದವು, ಒಳಗೆ ಇಳಿಯಲಿಲ್ಲ. ವೇಗ ಜಾಸ್ತಿಯಾದದ್ದೇ ಅಲ್ಲಿ ತೊಂದರೆಯಾಯಿತು. ಅವನು ಊರಿಗೆ ಬಂದು ರೈಫಲ್ ಬದಲಿಸಲಿಲ್ಲ, ಗುಂಡನ್ನೇ ಬದಲಿಸಿದ. ಗುಂಡಿನ ತಾಮ್ರದ ಕವಚದ ಮಧ್ಯೆ ಒಂದು ಅಡ್ಡಗೋಡೆ ಇಟ್ಟ. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಹಾಗೇ ಉಳಿದು ಆಳಕ್ಕೆ ನುಗ್ಗುತ್ತದೆ. ಪಾರ್ಟಿಶನ್ ಎಂಬ ಹೆಸರಿನ ಆ ಗುಂಡು ಇವತ್ತಿಗೂ ಮಾರಾಟವಾಗುತ್ತಿದೆ.

ನಮ್ಮ ಕಾಡುಹಂದಿ ಸಲಗವನ್ನು ನೋಡಿದವರಿಗೆ ಈ ಕತೆ ಬೇರೆ ದೇಶದ್ದು ಅನಿಸುವುದಿಲ್ಲ. ದಿನಾ ಕೆಸರಲ್ಲಿ ಹೊರಳುತ್ತದೆ, ಮರಕ್ಕೆ ಮೈ ಉಜ್ಜುತ್ತದೆ. ಭುಜದ ಚರ್ಮದ ಕೆಳಗೆ ಎಲುಬಿನಷ್ಟೇ ಹಟಮಾರಿಯಾದ ದಪ್ಪ ಪದರ ಬೇರೆ ಇರುತ್ತದೆ, ಬೇರೆ ಸಲಗಗಳ ಕೋರೆಯಿಂದ ಉಳಿಯಲು ಇರುವ ಗುರಾಣಿ ಅದು. ಅದರ ಮೇಲೆ ನಮ್ಮವರು ಹೊಡೆಯುವುದು ಯಾವುದರಲ್ಲಿ? ಕೇಪಿನ ಕೋವಿಯಲ್ಲಿ ಮದ್ದು, ಚರೆ ತುಂಬಿ, ಇಲ್ಲವೇ ಜೋಡು ನಳಿಗೆಯಲ್ಲಿ ಎಲ್.ಜಿ. ತೋಟಾ, ಅಂದರೆ ಕೆಲವೇ ದಪ್ಪ ಉಂಡೆಗಳಿರುವ ತೋಟಾ, ಹಾಕಿ. ಹತ್ತಿರದಲ್ಲಿ ಸರಿಯಾಗಿ ಕೂತರೆ ಎಲ್.ಜಿ. ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ದೂರ ಹೆಚ್ಚಾದಂತೆ ಉಂಡೆಗಳು ಚದುರುತ್ತವೆ, ವೇಗ ಬೇಗ ಕಳೆದುಕೊಳ್ಳುತ್ತವೆ. ಒಂದು ಕಾಲಿಗೆ, ಒಂದು ಹೊಟ್ಟೆಗೆ. ಹಂದಿ ಹೋಯಿತು. ಮಾರನೇ ದಿನ ತೋಟದ ಕೆಲಸಕ್ಕೆ ಬಂದ ಹೆಂಗಸರ ಮೇಲೆ ಅದೇ ಹಂದಿ ನುಗ್ಗಿದರೆ ಪತ್ರಿಕೆಯಲ್ಲಿ ಕಾಡುಹಂದಿ ದಾಳಿ ಎಂದು ಬರುತ್ತದೆ. ಅದರ ಮೈಯಲ್ಲಿ ಚರೆ ಇತ್ತೇ ಎಂದು ಯಾರೂ ಬರೆಯುವುದಿಲ್ಲ.

ಗಾಯಗೊಂಡ ಪ್ರಾಣಿ ಏನಾಗುತ್ತದೆ ಎಂಬುದಕ್ಕೆ ಚಂಪಾವತ್‌ನ ಹುಲಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನೇಪಾಳ ಮತ್ತು ಕುಮಾವುಂ ಸೇರಿ 436 ಜನರನ್ನು ಕೊಂದಿತು ಎಂದು ಹೇಳುವ ಆ ಹೆಣ್ಣು ಹುಲಿಯನ್ನು 1907ರಲ್ಲಿ ಜಿಮ್ ಕಾರ್ಬೆಟ್ ಹೊಡೆದಾಗ, ಅದರ ಬಲಗಡೆಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಹಳೆಯ ಗುಂಡೇಟಿಗೆ ಮುರಿದಿದ್ದವು. ಸಹಜ ಬೇಟೆ ಆಡಲಾಗದೆ ಮನುಷ್ಯರ ಮೇಲೆ ಬಿದ್ದಿತ್ತು. ಯಾರೋ ಒಬ್ಬ, ಎಲ್ಲೋ ಒಂದು ಕಡೆ, ಒಂದು ಕೆಟ್ಟ ಈಡು ಹಾರಿಸಿ ಮನೆಗೆ ಹೋದ. ಈ ಹುಲಿಯನ್ನು ಹೊಡೆದದ್ದಕ್ಕೆ ಕಾರ್ಬೆಟ್‌ಗೆ ಇನಾಮಾಗಿ ಸಿಕ್ಕ ರೈಫಲ್ ಯಾವುದು ಗೊತ್ತಾ? ಬೆಲ್ ಬಳಸುತ್ತಿದ್ದ ಅದೇ ಜಾತಿಯ .275 ರಿಗ್ಬಿ. ಅದೇ ಕಾಲದಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ರೂಸ್ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೊತ್ತುಕೊಂಡು ಹೋಗಿ ಸಿಂಹಕ್ಕೆ ಇದೇ ಮದ್ದು ಎಂದು ಮೆಚ್ಚಿದ್ದು .405 ವಿಂಚೆಸ್ಟರ್. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಮೈಸೂರು ಸೀಮೆಯ ಕಾಡುಗಳಲ್ಲಿ ನರಭಕ್ಷಕಗಳ ಹಿಂದೆ ಅಲೆದದ್ದೂ .405 ಹಿಡಿದೇ. ಜೂಲ್‌ನಲ್ಲಿ ಇದು .275ರ ಒಂದೂವರೆ ಪಟ್ಟು. ಆದರೆ ಗುಂಡು ದಪ್ಪಕ್ಕೆ ತಕ್ಕಷ್ಟು ಉದ್ದವಿಲ್ಲ, ಹಾಗಾಗಿ ಆಳಕ್ಕೆ ಇಳಿಯುವುದರಲ್ಲಿ ಸಣ್ಣ .275ರ ಉದ್ದ ಗುಂಡೇ ವಾಸಿ. ಹುಲಿಗೆ, ಚಿರತೆಗೆ ಎರಡೂ ಸಾಕಾಗಿದ್ದವು. ಕಾರಣ ಕೋವಿಯ ಹಿಂದಿದ್ದವರು.

ನನ್ನ ಅಕ್ಕನ ಮಗ ಸ್ವೀಡನ್‌ನಲ್ಲಿ ಕೆಲಸದಲ್ಲಿದ್ದಾನೆ. ಅಕ್ಟೋಬರ್ ಬಂತೆಂದರೆ ಆಫೀಸಿನ ಅರ್ಧ ಜನ ರಜೆ ಹಾಕಿ ಮೂಸ್ ಬೇಟೆಗೆ ಹೋಗುತ್ತಾರೆ ಮಾವ, ಮೀಟಿಂಗೇ ನಡೆಯುವುದಿಲ್ಲ ಅನ್ನುತ್ತಾನೆ. ಅಲ್ಲಿನ ನಿಯಮ ಕೇಳಿ ನನಗೆ ಖುಷಿಯಾಯಿತು. ಗುಂಡು ಒಂಬತ್ತು ಗ್ರಾಂ ಇದ್ದರೆ ನೂರು ಮೀಟರ್ ದೂರದಲ್ಲಿ ಅದರಲ್ಲಿ 2700 ಜೂಲ್ ಉಳಿದಿರಬೇಕು. ಹತ್ತು ಗ್ರಾಂ ಇದ್ದರೆ 2000 ಜೂಲ್ ಸಾಕು. ನೋಡಿ, ಒಂದೇ ಒಂದು ಗ್ರಾಂ ತೂಕಕ್ಕೆ 700 ಜೂಲ್ ರಿಯಾಯಿತಿ! ಭಾರದ ಗುಂಡು ಆಳಕ್ಕೆ ಹೋಗುತ್ತದೆ ಎಂಬುದು ಕಾನೂನು ಬರೆದವರಿಗೆ ಗೊತ್ತಿದೆ. ಈ ರಿಯಾಯಿತಿ ಇರುವುದರಿಂದಲೇ 1894ರ ಕಾಲದ, ಹೆಗಲಿಗೆ ಅಷ್ಟೇನೂ ಒದೆಯದ ಅವರ 6.5 ಮಿಲಿಮೀಟರ್ ತೋಟಾ ಇವತ್ತಿಗೂ ಮೂಸ್‌ಗೆ ನಡೆಯುತ್ತದೆ. ಅದಕ್ಕಿಂತ ದೊಡ್ಡದು, ಗುಂಡು ತಾಗಿ ಪ್ರಾಣಿ ಓಡಿದರೆ ಎರಡು ಗಂಟೆಯೊಳಗೆ ಜಾಡು ಹಿಡಿಯುವ ತರಬೇತಿ ಪಡೆದ ನಾಯಿ ಆ ಜಾಗಕ್ಕೆ ಬರುವಂತೆ ಮೊದಲೇ ಗೊತ್ತು ಮಾಡಿರಬೇಕು. ಪಕ್ಕದ ನಾರ್ವೆಯಲ್ಲಿ ದೊಡ್ಡ ಪ್ರಾಣಿ ಹೊಡೆಯುವವರು ಪ್ರತಿ ವರ್ಷ ಪರೀಕ್ಷೆ ಕೊಡಬೇಕು. ನೂರು ಮೀಟರ್ ದೂರಕ್ಕೆ ಐದು ಗುಂಡು, ಐದೂ ಮೂವತ್ತು ಸೆಂಟಿಮೀಟರ್ ಸುತ್ತಿನೊಳಗೆ. ಒಂದು ಹೊರಗೆ ಹೋದರೂ ಮತ್ತೆ ಕೊಡಬೇಕು.

ಒದೆತದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಸಮಯದಲ್ಲಿ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಅಲ್ಲಿ ನಿಂತು ಕಾಯಿ ನೋಡಬೇಡಿ, ಹೊಡೆಯುವವನ ಮುಖ ನೋಡಿ. ಎಷ್ಟೋ ಜನ ಕೋವಿಯ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚಿ ಹೆಗಲು ಗಟ್ಟಿ ಮಾಡಿಕೊಳ್ಳುತ್ತಾರೆ. ಕೋವಿ ದೊಡ್ಡದಾದಷ್ಟೂ ಇದು ಜಾಸ್ತಿ. ಸಣ್ಣ .22 ಹಿಡಿದ ಹುಡುಗಿ ಕಾಯಿ ಒಡೆದು ಹೋಗುತ್ತಾಳೆ, ಮೀಸೆ ತಿರುವಿದ ಮಾವಂದಿರು ಗಾಳಿಗೆ ಹೊಡೆಯುತ್ತಾರೆ. ಯಾವತ್ತೂ ರೈಫಲ್ ಹಿಡಿಯದ ರೈತನಿಗೆ ಏಕಾಏಕಿ ಭಾರಿ ಮ್ಯಾಗ್ನಂ ಕೊಟ್ಟರೆ ಆಗುವುದೂ ಇದೇ. ಪವರ್ ಎರಡು ಪಟ್ಟಾಗುತ್ತದೆ, ಗುರಿ ಅರ್ಧವಾಗುತ್ತದೆ.

ಅಷ್ಟಕ್ಕೂ ನಮ್ಮಲ್ಲಿ ಆಯ್ಕೆ ಎಲ್ಲಿದೆ? ಮಿಲಿಟರಿಯದ್ದು ಎಂಬ ಕಾರಣಕ್ಕೆ .303 ಜನರಿಗೆ ಸಿಗಲಿಲ್ಲ. ಅದೇ ಮಾದರಿಯ ರೈಫಲ್‌ಗೆ .315 ನಳಿಗೆ ಹಾಕಿ ಸರ್ಕಾರಿ ಕಾರ್ಖಾನೆ ಮಾರಿತು. ಆಮೇಲೆ .30-06 ಬಂತು. ಪೇಟೆಯಲ್ಲಿ .315 ಅಂದರೆ ಮೂಗು ಮುರಿಯುವವರಿದ್ದಾರೆ. ಹಳೆಯದು, ವೇಗ ಇಲ್ಲ ಎಂದು. ನಾನು ಒಪ್ಪುವುದಿಲ್ಲ. ಗುಂಡು ಹೆಚ್ಚುಕಡಿಮೆ ಹದಿನಾರು ಗ್ರಾಂ, ಉದ್ದನೆಯದು, ಮೂತಿ ಮೆತ್ತಗಿನದು. ನೂರು ಮೀಟರ್ ಒಳಗೆ ಹಂದಿಗೆ ಇದಕ್ಕಿಂತ ಜಾಸ್ತಿ ಏನೂ ಬೇಕಿಲ್ಲ. ದೂರಕ್ಕೆ ಆಗುವುದಿಲ್ಲ, ನಿಜ, ಆದರೆ ಕಾಫಿ ತೋಟದಲ್ಲಿ ಇನ್ನೂರು ಮೀಟರ್ ನೇರ ಕಾಣುವ ಜಾಗ ಯಾರಿಗಿದೆ ಸ್ವಾಮಿ?

ಹಾಗಾಗಿ ನಾನು ಕೇಳುವುದು ಇಷ್ಟು. ಹಂದಿ ಹೊಡೆಯಲು ಅನುಮತಿ ಕೊಡುವ ಆದೇಶ ಮುಂದೆ ಬಂದರೆ, ಅದರಲ್ಲಿ ಕೋವಿಯ ಲೈಸೆನ್ಸ್ ನಂಬರ್ ಜೊತೆಗೆ ಗುಂಡಿನ ಜಾತಿಯನ್ನೂ ಬರೆಯಲಿ, ಅರಳುವ ಗುಂಡು ಮಾತ್ರ, ಚರೆ ಬೇಡ ಎಂದು. ಹೊಡೆಯುವವನು ಅರಣ್ಯ ಇಲಾಖೆಯವರ ಎದುರು ಐದು ಗುಂಡು ಹೊಡೆದು ತೋರಿಸಲಿ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸುರಕ್ಷತಾ ತರಬೇತಿ ಇದೆ. ಅದು ಕೋವಿಯಿಂದ ಮನುಷ್ಯರಿಗೆ ಅಪಾಯವಾಗದಿರಲು, ಗುರಿ ಪರೀಕ್ಷೆಯಲ್ಲ. ಹೇಗೂ ಐದು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಣಕ್ಕೆ ಕಚೇರಿ ಅಲೆಯುತ್ತೇವೆ, ಪ್ರತಿ ಚುನಾವಣೆಗೂ ಕೋವಿಯನ್ನು ಠಾಣೆಗೆ ಹೊತ್ತು ತಂದು ಒಪ್ಪಿಸುತ್ತೇವೆ, ಬೆಳೆ ಕೊಯ್ಲಿಗೆ ಬಂದ ಹೊತ್ತಿಗೇ ಚುನಾವಣೆ ಬಂದರೂ ತುಟಿ ಬಿಚ್ಚುವುದಿಲ್ಲ. ಇದೊಂದು ಪರೀಕ್ಷೆ ನಮಗೆ ಭಾರವಾಗುವುದಿಲ್ಲ. ತಾಗಿ ಓಡಿದ ಹಂದಿಯನ್ನು ಹುಡುಕದೆ ಮನೆಗೆ ಹೋದವನಿಗೆ ಮುಂದಿನ ಅನುಮತಿ ಸಿಗಬಾರದು. ಜಾಡು ಹಿಡಿಯುವ ನಾಯಿಗಳಿಗೆ ನಮ್ಮೂರುಗಳಲ್ಲಿ ಬರವಿಲ್ಲ, ಸ್ವಲ್ಪ ಕಲಿಸಬೇಕಷ್ಟೇ.

ಪರೀಕ್ಷೆಗೆ ಜಾಗ ಎಲ್ಲಿ ಎಂದು ಅಧಿಕಾರಿಗಳು ಕೇಳಬಹುದು. ತೆಂಗಿನಕಾಯಿ ಪಂದ್ಯ ನಡೆಯುವ ಮೈದಾನಗಳಿವೆ, ಪೊಲೀಸರ ಫೈರಿಂಗ್ ರೇಂಜ್‌ಗಳಿವೆ. ವರ್ಷಕ್ಕೆ ಎರಡು ದಿನ ಬಿಟ್ಟುಕೊಟ್ಟರೆ ಸಾಕು, ಗುಂಡಿನ ಖರ್ಚು ನಮ್ಮದೇ.

ಇಂತಿ,
ಒಬ್ಬ ಕಾಫಿ ಬೆಳೆಗಾರ
ಸೋಮವಾರಪೇಟೆ ತಾಲ್ಲೂಕು